ಉಳ್ಳಾಗಡ್ಡಿಗೆ ಅಷ್ಟೊಂದು ಡಿಎನ್‌ಎ ಯಾಕೆ?

ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಗೋವಿನಜೋಳ, ಉಳ್ಳಾಗಡ್ಡಿ; ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ; ಇವುಗಳ ನಡುವೆ ಹತ್ತಿ. ಮಣ್ಣು ಒಂದೇ, ಮಳೆ ಒಂದೇ, ದುಡಿಯುವ ಕೈಯೂ ಒಂದೇ. ಆದರೆ ಈ ಬೆಳೆಗಳ ಜೀವಕೋಶದೊಳಗಿನ ಡಿಎನ್‌ಎಯನ್ನು ಅಳೆದರೆ ಅಜಗಜಾಂತರ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಆ ಬರಹ ಕಡಲೆಯಲ್ಲಿ ಸುಮಾರು 74 ಕೋಟಿ ಅಕ್ಷರಗಳಷ್ಟು ಉದ್ದ. ಮನುಷ್ಯನಲ್ಲಿ ಸುಮಾರು 310 ಕೋಟಿ. ಉಳ್ಳಾಗಡ್ಡಿಯಲ್ಲಿ ಸುಮಾರು 1,600 ಕೋಟಿ. ಅಡುಗೆಮನೆಯ ಬುಟ್ಟಿಯಲ್ಲಿರುವ ಗಡ್ಡೆ ನಮಗಿಂತ ಐದು ಪಟ್ಟು, ಕಡಲೆಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಡಿಎನ್‌ಎಯನ್ನು ಹೊತ್ತುಕೊಂಡಿದೆ.

ಈ ಹೆಚ್ಚುವರಿಯ ಬಹುಪಾಲು ಹೊಸ ಮಾತಲ್ಲ, ಒಂದೇ ತೆರನ ಸಾಲುಗಳು ಮತ್ತೆ ಮತ್ತೆ ಬಂದದ್ದು. ಕೆಲವೆಡೆ ಎರಡು ಮೂರು ಅಕ್ಷರಗಳು ಮಣಿ ಪೋಣಿಸಿದಂತೆ ಸಾಲಾಗಿ ಬರುತ್ತವೆ. ಕೆಲವೆಡೆ ಸಾವಿರಾರು ಅಕ್ಷರಗಳ ಉದ್ದನೆಯ ತುಂಡುಗಳು ಊರೂರು ತಿರುಗಿದಂತೆ ಎಲ್ಲೆಂದರಲ್ಲಿ ಚದುರಿ ಕೂತಿವೆ. ಇವುಗಳಿಗೆ ಪುನರಾವರ್ತಿತ ಸರಣಿಗಳೆಂದು ಹೆಸರು. ಇವು ಯಾಕಿವೆ? ಡಿಎನ್‌ಎಯ ಆಕಾರವನ್ನು ಬದಲಿಸುತ್ತವೆಯೇ? ಡಿಎನ್‌ಎಯನ್ನು ಓದುವ, ಸುತ್ತಿಡುವ, ಕಾಯುವ ಪ್ರೋಟೀನ್‌ಗಳು ಇವುಗಳ ಮೇಲೆ ಹೇಗೆ ಕೂರುತ್ತವೆ? ಆರು ದಶಕಗಳ ಚರ್ಚೆ ಇದು. ಅದರ ದಾರಿಯನ್ನೂ ಕವಲುಗಳನ್ನೂ ಒಂದೆಡೆ ತಂದಿಡುವುದು ಈ ಲೇಖನದ ಉದ್ದೇಶ.

ಬೇರಿನ ತುದಿಯಲ್ಲಿ ಕಾಣುವುದು

ಜೀವಶಾಸ್ತ್ರ ಓದಿದವರಿಗೆ ನೆನಪಿರುವ ಪ್ರಯೋಗವೊಂದಿದೆ. ಉಳ್ಳಾಗಡ್ಡಿಯ ಬುಡ ನೀರಿಗೆ ತಾಗುವಂತೆ ಗಾಜಿನ ಲೋಟದ ಬಾಯಿಗೆ ಕೂರಿಸಿದರೆ ಮೂರ್ನಾಲ್ಕು ದಿನಕ್ಕೆ ಬಿಳಿ ಬೇರುಗಳು ಇಳಿಯುತ್ತವೆ. ಬೆಳಗಿನ ಹೊತ್ತು ಬೇರಿನ ತುದಿಯನ್ನು ಕತ್ತರಿಸಿ, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿಟ್ಟು, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದುಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ, ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಕೆಂಪು ದಾರದ ತುಂಡುಗಳಂತೆ ವರ್ಣತಂತುಗಳು ಕಾಣುತ್ತವೆ. ಒಟ್ಟು 16.

ಕಡಲೆಯಲ್ಲೂ ವರ್ಣತಂತುಗಳು 16. ಎಣಿಕೆ ಒಂದೇ ಆದರೂ ಕಡಲೆಯವು ಚಿಕ್ಕವು, ಉಳ್ಳಾಗಡ್ಡಿಯವು ದೊಡ್ಡವು. ಪ್ರಯೋಗಾಲಯಗಳು ಉಳ್ಳಾಗಡ್ಡಿಯನ್ನು ಆರಿಸಿಕೊಳ್ಳುವುದಕ್ಕೆ ಈ ದೊಡ್ಡ ಗಾತ್ರವೂ ಒಂದು ಕಾರಣ. ವಿದ್ಯಾರ್ಥಿ ಕಣ್ಣಾರೆ ಕಾಣುವ ಆ ದಪ್ಪ ದಾರಗಳ ಬಹುಭಾಗ ಪುನರಾವರ್ತನೆಯಿಂದಲೇ ತುಂಬಿದೆ. ಅಂದರೆ ಈ ಲೇಖನದ ಪ್ರಶ್ನೆ ದೂರದ ಪ್ರಯೋಗಾಲಯದ್ದಲ್ಲ, ತಾಲ್ಲೂಕಿನ ಕಾಲೇಜಿನ ಮೇಜಿನ ಮೇಲೆಯೇ ಇದೆ.

ಪ್ರಶ್ನೆ ಹುಟ್ಟಿದ ಬಗೆ

1952ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ ತೆಗೆದ ಕ್ಷ-ಕಿರಣ ಚಿತ್ರ ಡಿಎನ್‌ಎ ಸುರುಳಿಯಾಗಿದೆ ಎಂಬುದಕ್ಕೆ ಗಟ್ಟಿ ಆಧಾರವಾಯಿತು. 1953ರ ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿ ಸುರುಳಿಯ ಮಾದರಿಯನ್ನು ಮುಂದಿಟ್ಟರು. ಎ ಎದುರು ಟಿ, ಜಿ ಎದುರು ಸಿ. ಆಗ ಎಲ್ಲರ ನಿರೀಕ್ಷೆ ಸರಳವಾಗಿತ್ತು: ಜೀವಿ ಸಂಕೀರ್ಣವಾದಷ್ಟೂ ಬರಹ ಉದ್ದವಾಗಿರಬೇಕು. ಆದರೆ ಅಳತೆಗಳು ಬೇರೆಯೇ ಹೇಳಿದವು. ಕೆಲವು ಸಲಮಾಂಡರ್‌ಗಳಲ್ಲಿ, ಲಿಲ್ಲಿ ಮತ್ತು ಉಳ್ಳಾಗಡ್ಡಿಯ ಜಾತಿಗಳಲ್ಲಿ ಮನುಷ್ಯನಿಗಿಂತ ಎಷ್ಟೋ ಪಟ್ಟು ಡಿಎನ್‌ಎ ಸಿಕ್ಕಿತು. 1971ರಲ್ಲಿ ಸಿ. ಎ. ಥಾಮಸ್ ಇದನ್ನು ವಿರೋಧಾಭಾಸವೆಂದೇ ಕರೆದರು.

ಗಂಟು ಬಿಚ್ಚುವ ಮೊದಲ ಎಳೆ ಅದಕ್ಕೂ ಮೊದಲೇ, 1968ರಲ್ಲಿ, ಅಮೆರಿಕದ ರಾಯ್ ಬ್ರಿಟನ್ ಮತ್ತು ಡೇವಿಡ್ ಕೋನ್ ಅವರ ಕೈಗೆ ಸಿಕ್ಕಿತ್ತು. ಡಿಎನ್‌ಎಯನ್ನು ತುಂಡರಿಸಿ ಕಾಯಿಸಿದರೆ ಎರಡು ಎಳೆಗಳು ಬೇರಾಗುತ್ತವೆ; ತಣಿಸಿದರೆ ತಮ್ಮ ಜೋಡಿಯನ್ನು ಹುಡುಕಿ ಮತ್ತೆ ಕೂಡುತ್ತವೆ. ಗಜೇಂದ್ರಗಡದ ಕಾಲಕಾಲೇಶ್ವರ ಜಾತ್ರೆಯಲ್ಲಿ ಒಬ್ಬನೇ ಗೆಳೆಯನನ್ನು ಹುಡುಕಲು ಹೊತ್ತು ಬೇಕು. ಒಂದೇ ಬಣ್ಣದ ಪಟಕ ಸುತ್ತಿದ ಸಾವಿರ ಜನರಲ್ಲಿ ಯಾರಾದರೊಬ್ಬರು ಸಿಕ್ಕರೆ ಸಾಕು ಎಂದಾದರೆ ನಾಲ್ಕು ಹೆಜ್ಜೆಗೇ ಸಿಗುತ್ತಾರೆ. ಡಿಎನ್‌ಎಯಲ್ಲೂ ಒಂದು ಪಾಲು ಹಾಗೆಯೇ ಬೇಗನೆ ಕೂಡಿಕೊಂಡಿತು. ಅದೇ ಪುನರಾವರ್ತಿತ ಪಾಲು. ಇಲಿಯಲ್ಲಿ ಒಂದು ಚಿಕ್ಕ ಸರಣಿಗೆ ಹತ್ತು ಲಕ್ಷದಷ್ಟು ಪ್ರತಿಗಳಿದ್ದವು. 1970ರಲ್ಲಿ ಮೇರಿ ಲೂ ಪಾರ್ಡ್ಯೂ ಮತ್ತು ಜೋಸೆಫ್ ಗಾಲ್ ಆ ಸರಣಿ ವರ್ಣತಂತುವಿನ ನಡುಗಂಟಿನ (ಸೆಂಟ್ರೊಮಿಯರ್) ಬಳಿ ಗುಂಪಾಗಿರುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ‘ಎಷ್ಟಿದೆ’ ಎಂಬ ಪ್ರಶ್ನೆ ‘ಯಾಕಿದೆ’ ಎಂದು ಬದಲಾಯಿತು.

ಆಕಾರದ ವಾದ ಮತ್ತು ಬೆಂಗಳೂರು

ಪುನರಾವರ್ತನೆಯನ್ನು ಅರಿಯಲು ಮೊದಲು ಆಕಾರವನ್ನು ಅರಿಯಬೇಕು. ಪಠ್ಯಪುಸ್ತಕದ ಡಿಎನ್‌ಎ ಬಲಕ್ಕೆ ತಿರುಗುವ, ಸುಮಾರು 10.5 ಅಕ್ಷರಜೋಡಿಗಳಿಗೊಂದು ಸುತ್ತು ಹಾಕುವ, 2 ನ್ಯಾನೊಮೀಟರ್ ಅಗಲದ ಸುರುಳಿ. ಅದು ಸರಾಸರಿ ಚಿತ್ರ. ನಿಜದ ಡಿಎನ್‌ಎ ಅಕ್ಷರಗಳಿಗೆ ತಕ್ಕಂತೆ ಬಾಗುತ್ತದೆ, ಬಿಗಿಯುತ್ತದೆ, ಸಡಿಲಾಗುತ್ತದೆ.

ಈ ವಾದದಲ್ಲಿ ಕರ್ನಾಟಕಕ್ಕೆ ತನ್ನದೇ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣು ಜೈವಿಕಭೌತ ವಿಭಾಗದಲ್ಲಿ ವಿ. ಶಶಿಶೇಖರನ್ ಮತ್ತು ಸಂಗಡಿಗರು 1970ರ ದಶಕದ ಕೊನೆಗೆ ಒಂದು ದಿಟ್ಟ ಪ್ರಶ್ನೆ ಎತ್ತಿದರು. ಎರಡು ಎಳೆಗಳು ಒಂದನ್ನೊಂದು ಹೆಣೆದುಕೊಂಡಿರಲೇಬೇಕೆ? ಒಂದಿಷ್ಟು ಬಲಕ್ಕೆ, ಒಂದಿಷ್ಟು ಎಡಕ್ಕೆ ತಿರುಗುತ್ತ ಅಕ್ಕಪಕ್ಕ ಮಲಗಿದ್ದರೆ ಕೋಶ ವಿಭಜನೆಯಲ್ಲಿ ಬಿಡಿಸಿಕೊಳ್ಳುವುದು ಸುಲಭವಲ್ಲವೇ? ನ್ಯೂಜಿಲೆಂಡಿನ ಜಿ. ಎ. ರಾಡ್ಲಿ ಕೂಡ 1976ರಲ್ಲಿ ಇಂಥದ್ದೇ ಮಾದರಿ ಮಂಡಿಸಿದ್ದರು. ಇದಕ್ಕೆ ಉತ್ತರವಾಗಿ 1979ರಲ್ಲಿ ಕ್ರಿಕ್, ಜೇಮ್ಸ್ ವಾಂಗ್ ಮತ್ತು ವಿಲಿಯಂ ಬಾವರ್ ಪ್ರಬಂಧ ಬರೆದು ಎಳೆಗಳು ಹೆಣೆದುಕೊಂಡಿವೆ ಎಂಬುದಕ್ಕೆ ಪುರಾವೆಗಳನ್ನು ಜೋಡಿಸಿಟ್ಟರು. ಅಕ್ಕಪಕ್ಕದ ಮಾದರಿ ನಿಲ್ಲಲಿಲ್ಲ. ಆದರೆ ಅದೇ 1979ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಆಂಡ್ರ್ಯೂ ವಾಂಗ್ ಸಿ-ಜಿ-ಸಿ-ಜಿ ಎಂದು ಮರುಕಳಿಸುವ ಡಿಎನ್‌ಎ ಎಡಕ್ಕೆ ತಿರುಗಬಲ್ಲದು ಎಂದು ಹರಳಿನ ಚಿತ್ರದಲ್ಲಿ ತೋರಿಸಿದರು. ಡಿಎನ್‌ಎಗೆ ಒಂದೇ ಆಕಾರವಿಲ್ಲ, ಮರುಕಳಿಕೆ ಆಕಾರವನ್ನು ಬದಲಿಸಬಲ್ಲದು ಎಂಬುದು ಆಗ ಖಚಿತವಾಯಿತು.

1982ರಲ್ಲಿ ಲೀಷ್ಮೇನಿಯಾ ಎಂಬ ಪರಾವಲಂಬಿಯ ಡಿಎನ್‌ಎ ಇನ್ನೊಂದು ಪಾಠ ಕಲಿಸಿತು. ಅದರಲ್ಲಿ ನಾಲ್ಕೈದು ಎ ಅಕ್ಷರಗಳ ಗುಂಪು ಸುಮಾರು 10 ಅಕ್ಷರಗಳಿಗೊಮ್ಮೆ ಬರುತ್ತದೆ. ಒಂದೊಂದು ಗುಂಪೂ ಸುರುಳಿಯನ್ನು ತುಸು ಬಾಗಿಸುತ್ತದೆ. ಸುರುಳಿಯ ಸುತ್ತೂ ಹೆಚ್ಚುಕಡಿಮೆ ಅಷ್ಟೇ ಅಕ್ಷರಗಳದ್ದಾದ್ದರಿಂದ ಎಲ್ಲ ಬಾಗುಗಳೂ ಒಂದೇ ಮಗ್ಗುಲಿಗೆ ಬಿದ್ದು ಡಿಎನ್‌ಎ ಕಮಾನಾಗುತ್ತದೆ. ಗಜೇಂದ್ರಗಡದ ಕೈಮಗ್ಗದಲ್ಲಿ ಪಟ್ಟೆದಂಚಿನ ಸೀರೆಯ ಚೌಕಳಿ ಮೂಡುವುದೂ ಎಣಿಕೆಯಿಂದಲೇ. ಇಷ್ಟು ಎಳೆಗೊಮ್ಮೆ ಬಣ್ಣ ಬದಲಾಗಬೇಕು; ಎಣಿಕೆ ತಪ್ಪಿದರೆ ದಾರ ಅದೇ, ಬಣ್ಣ ಅದೇ, ಚೌಕಳಿ ಮಾತ್ರ ಮೂಡುವುದಿಲ್ಲ. ಪುನರಾವರ್ತನೆಯ ಬಲ ಅಕ್ಷರದಲ್ಲಷ್ಟೇ ಅಲ್ಲ, ಅಂತರದಲ್ಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಂಜು ಬನ್ಸಲ್ ಈ ಬಾಗು ಮತ್ತು ಬಿಗಿತಗಳನ್ನು ಗಣಕದ ಮೂಲಕ ಅಳೆಯುವ ದಾರಿ ಹಾಕಿದವರಲ್ಲಿ ಪ್ರಮುಖರು. ವಂಶವಾಹಿಗಳು ಆರಂಭವಾಗುವ ಜಾಗದ ಹಿಂದಿನ ಡಿಎನ್‌ಎ ಸುತ್ತಲಿನದಕ್ಕಿಂತ ಕಡಿಮೆ ಸ್ಥಿರವಾಗಿರುತ್ತದೆ ಎಂದು ಅವರ ತಂಡ ತೋರಿಸಿತು.

ಓದುವ ಪ್ರೋಟೀನ್: ಅಕ್ಷರವೋ ಆಕಾರವೋ

ಡಿಎನ್‌ಎ ತಾನಾಗಿ ಏನೂ ಮಾಡುವುದಿಲ್ಲ. ಅದರ ಮೇಲೆ ಪ್ರೋಟೀನ್‌ಗಳು ಕೂರಬೇಕು. ಹಿಸ್ಟೋನ್ ಎಂಬ ಪ್ರೋಟೀನ್‌ಗಳು ಉಂಡೆಯಾಗಿ, ಒಂದೊಂದು ಉಂಡೆಗೂ 147 ಅಕ್ಷರಜೋಡಿಗಳಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ; ಎರಡು ಮೀಟರ್ ಉದ್ದದ ಮಾನವ ಡಿಎನ್‌ಎ ಕೋಶಕೇಂದ್ರದೊಳಗೆ ಹಿಡಿಸುವುದು ಈ ಸುತ್ತಿನಿಂದ ಶುರುವಾಗುತ್ತದೆ. ನಿಯಂತ್ರಕ ಪ್ರೋಟೀನ್‌ಗಳು ಗೊತ್ತಾದ ಜಾಗ ಹುಡುಕಿ ಕೂತು ವಂಶವಾಹಿಯನ್ನು ನಡೆಸುತ್ತವೆ ಅಥವಾ ತಡೆಯುತ್ತವೆ. ಈ ಜಾಗವನ್ನು ಅವು ಗುರುತಿಸುವುದು ಹೇಗೆ?

ಮೊದಲ ಮತ ಅಕ್ಷರವನ್ನೇ ನಂಬಿತು. 1966 ಮತ್ತು 1967ರಲ್ಲಿ ಮೊದಲ ತಡೆ ಪ್ರೋಟೀನ್‌ಗಳು ಕೈಗೆ ಸಿಕ್ಕ ಮೇಲೆ, 1976ರಲ್ಲಿ ಸೀಮನ್, ರೋಸೆನ್‌ಬರ್ಗ್ ಮತ್ತು ರಿಚ್ ಸುರುಳಿಯ ಅಗಲವಾದ ತೋಡಿನಲ್ಲಿ ಪ್ರತಿ ಅಕ್ಷರಜೋಡಿಯೂ ಬೇರೆ ಬೇರೆ ಹೈಡ್ರೋಜನ್ ಬಂಧದ ಗುರುತು ಬಿಟ್ಟಿರುತ್ತದೆ, ಪ್ರೋಟೀನ್ ಅದನ್ನು ಬೆರಳಾಡಿಸಿ ಓದುತ್ತದೆ ಎಂದು ವಿವರಿಸಿದರು. ಎರಡನೆಯ ಮತ ಆಕಾರವನ್ನು ಎತ್ತಿ ಹಿಡಿಯಿತು. 1988ರಲ್ಲಿ ಒಂದು ಬ್ಯಾಕ್ಟೀರಿಯಾ ಪ್ರೋಟೀನಿನ ಹರಳಿನ ಚಿತ್ರದಲ್ಲಿ ಅಕ್ಷರಗಳೊಂದಿಗೆ ನೇರ ಸ್ಪರ್ಶ ಬಹಳ ಕಡಿಮೆ ಕಂಡಿತು. 1993ರಲ್ಲಿ ಟಾಟಾ ಎಂಬ ಸರಣಿಗೆ ಅಂಟುವ ಪ್ರೋಟೀನ್ ಡಿಎನ್‌ಎಯನ್ನು ಸುಮಾರು 80 ಡಿಗ್ರಿ ಬಾಗಿಸುವುದು ಕಂಡಿತು. 2009ರಲ್ಲಿ ರೆಮೊ ರೋಸ್ ಮತ್ತು ಸಂಗಡಿಗರು ಪ್ರೋಟೀನಿನ ಆರ್ಜಿನಿನ್ ಎಂಬ ಕೊಂಡಿ ಸುರುಳಿಯ ಕಿರಿದಾದ ತೋಡನ್ನೇ ಹುಡುಕಿ ಹೋಗುತ್ತದೆ ಎಂದು ತೋರಿಸಿದರು. ಈಗ ಹೆಚ್ಚಿನವರು ಎರಡನ್ನೂ ಒಪ್ಪುತ್ತಾರೆ. ತಕರಾರು ಇರುವುದು ಯಾವ ಜಾಗದಲ್ಲಿ ಯಾವುದರ ಪಾಲು ಎಷ್ಟು ಎಂಬುದರ ಬಗ್ಗೆ.

ಪ್ರೋಟೀನಿನಲ್ಲೇ ಪುನರಾವರ್ತನೆ ಇರುವ ಒಂದು ಬಗೆ ನಮ್ಮ ಹತ್ತಿ ಬೆಳೆಗಾರರಿಗೆ ಹತ್ತಿರದ್ದು. ಎಲೆಯ ಮೇಲೆ ನೀರಿನಲ್ಲಿ ನೆನೆದಂತಹ ಮೂಲೆಮೂಲೆಯ ಚುಕ್ಕೆ ಮೂಡಿಸುವ ದುಂಡಾಣು ಅಂಗಮಾರಿಯ ಬ್ಯಾಕ್ಟೀರಿಯಾ ಗಿಡದ ಕೋಶದೊಳಕ್ಕೆ ತನ್ನದೊಂದು ಪ್ರೋಟೀನನ್ನು ತೂರಿಸುತ್ತದೆ. ಸುಮಾರು 34 ಅಮೈನೋ ಆಮ್ಲಗಳ ತುಂಡೊಂದು ಅದರಲ್ಲಿ ಸಾಲಾಗಿ ಮರುಕಳಿಸುತ್ತದೆ. ಒಂದೊಂದು ತುಂಡು ಡಿಎನ್‌ಎಯ ಒಂದೊಂದು ಅಕ್ಷರವನ್ನು ಓದುತ್ತದೆ. ಈ ಸಂಕೇತ ಬಿಡಿಸಿದ್ದು 2009ರಲ್ಲಿ. ಹತ್ತಿಯಲ್ಲಿ ಇಂಥ ಪ್ರೋಟೀನ್ ಸಕ್ಕರೆ ಸಾಗಿಸುವ ವಂಶವಾಹಿಯೊಂದನ್ನು ಎಬ್ಬಿಸಿ ರೋಗಕ್ಕೆ ದಾರಿ ಮಾಡಿಕೊಡುತ್ತದೆ ಎಂದು 2017ರಲ್ಲಿ ಗೊತ್ತಾಯಿತು.

ಪುನರಾವರ್ತನೆಯ ಬಗ್ಗೆ ಐದು ಮತಗಳು

ಮೊದಲನೆಯದು ಸ್ವಾರ್ಥಿ ಡಿಎನ್‌ಎ ಮತ. 1972ರಲ್ಲಿ ಸುಸುಮು ಓನೊ ನಮ್ಮ ಡಿಎನ್‌ಎಯ ಬಹುಪಾಲು ಕಸ ಎಂದರು. 1980ರಲ್ಲಿ ಡೂಲಿಟಲ್ ಮತ್ತು ಸಪಿಯೆಂಜಾ ಒಂದು ಕಡೆ, ಆರ್ಗೆಲ್ ಮತ್ತು ಕ್ರಿಕ್ ಇನ್ನೊಂದು ಕಡೆ, ಅದಕ್ಕೆ ತರ್ಕ ಕೊಟ್ಟರು. ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳಬಲ್ಲ ತುಂಡು, ಜೀವಿಗೆ ಲಾಭವಿಲ್ಲದಿದ್ದರೂ, ದೊಡ್ಡ ಕೇಡು ಮಾಡದಿದ್ದರೆ ಹರಡುತ್ತಲೇ ಹೋಗುತ್ತದೆ. ಉಳ್ಳಾಗಡ್ಡಿಯ ಗಾತ್ರವನ್ನು ಈ ಮತದಷ್ಟು ಚೆನ್ನಾಗಿ ಬೇರಾವುದೂ ವಿವರಿಸುವುದಿಲ್ಲ. ಕೆನಡಾದ ಟಿ. ರಯಾನ್ ಗ್ರೆಗರಿ 2007ರಲ್ಲಿ ಒಂದು ಪರೀಕ್ಷೆಯನ್ನೇ ಮುಂದಿಟ್ಟರು: ಡಿಎನ್‌ಎಯ ಎಲ್ಲ ಭಾಗಕ್ಕೂ ಕೆಲಸವಿದೆ ಎನ್ನುವವರು ಉಳ್ಳಾಗಡ್ಡಿಗೆ ಮನುಷ್ಯನ ಐದು ಪಟ್ಟು ಯಾಕೆ ಬೇಕು ಎಂದು ಮೊದಲು ಹೇಳಲಿ. ಆ ಪ್ರಶ್ನೆಗೆ ‘ಎಲ್ಲಕ್ಕೂ ಕೆಲಸವಿದೆ’ ಎನ್ನುವ ಪಕ್ಷದಿಂದ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಎರಡನೆಯದು ನಿಯಂತ್ರಣದ ಮತ. ಗೋವಿನಜೋಳದ ಬಣ್ಣಬಣ್ಣದ ಕಾಳು ನೋಡಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲೇ ಜಾಗ ಬದಲಿಸುವ ತುಂಡುಗಳನ್ನು ಕಂಡುಹಿಡಿದು, ಅವು ವಂಶವಾಹಿಗಳನ್ನು ನಿಯಂತ್ರಿಸುತ್ತವೆ ಎಂದರು. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. 1969ರಲ್ಲಿ ಬ್ರಿಟನ್ ಮತ್ತು ಡೇವಿಡ್‌ಸನ್, ಒಂದೇ ಸರಣಿ ಹಲವೆಡೆ ಇದ್ದರೆ ಒಂದೇ ಸಂಕೇತದಿಂದ ಹಲವು ವಂಶವಾಹಿಗಳನ್ನು ಒಟ್ಟಿಗೆ ಎಬ್ಬಿಸಬಹುದು ಎಂಬ ಕಲ್ಪನೆ ಕೊಟ್ಟರು. 2011ರಲ್ಲಿ ಬಂದ ಪುರಾವೆ ಕಣ್ಣು ಕುಕ್ಕುವಂಥದ್ದು. ಪೊದೆಯಂತೆ ಕವಲೊಡೆಯುತ್ತಿದ್ದ ಕಾಡು ಹುಲ್ಲು ಒಂದೇ ದಂಟಿನ ಗೋವಿನಜೋಳವಾಗಲು ಸಹಾಯಮಾಡಿದ್ದು, ಕವಲು ತಡೆಯುವ ವಂಶವಾಹಿಯಿಂದ ಸಾವಿರಾರು ಅಕ್ಷರಗಳಾಚೆ ಬಂದು ಕೂತ ಇಂಥದೊಂದು ತುಂಡು. ಇಂದು ಹೊಲದಲ್ಲಿ ನಾವು ಕಾಣುವ ನೆಟ್ಟಗಿನ ದಂಟಿನಲ್ಲಿ ಅದರ ಪಾಲಿದೆ. ಕೋಶವೂ ಸುಮ್ಮನೆ ಕೂತಿಲ್ಲ. ಈ ತುಂಡುಗಳ ಮೇಲೆ ಅಂಟಿ ಅವುಗಳ ಬಾಯಿ ಕಟ್ಟುವ ಪ್ರೋಟೀನ್‌ಗಳ ದೊಡ್ಡ ಬಳಗ ಪ್ರಾಣಿಗಳಲ್ಲಿ ಬೆಳೆದಿದೆ. ಗಿಡಗಳು ಕಿರು ಆರ್‌ಎನ್‌ಎಗಳ ನೆರವಿನಿಂದ ಇದೇ ಕೆಲಸ ಮಾಡುತ್ತವೆ.

ಮೂರನೆಯದು ಕಟ್ಟಡದ ಮತ. ಇದರ ಪ್ರಕಾರ ಪುನರಾವರ್ತನೆ ವರ್ಣತಂತುವಿನ ಕಂಬ, ತೊಲೆ, ಮುಚ್ಚಳ. ನಮ್ಮ ವರ್ಣತಂತುಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳು ಸಾವಿರಾರು ಬಾರಿ ಬರುತ್ತವೆ. ಬಹುತೇಕ ಗಿಡಗಳಲ್ಲಿ ಅದು ಟಿಟಿಟಿಎಜಿಜಿಜಿ. ಆ ಸಾಲಿಗೆಂದೇ ಇರುವ ಪ್ರೋಟೀನ್‌ಗಳು ಅದರ ಮೇಲೆ ಕೂತು ವರ್ಣತಂತು ಸವೆಯದಂತೆ, ಒಂದಕ್ಕೊಂದು ಅಂಟದಂತೆ ಕಾಯುತ್ತವೆ. ಉಳ್ಳಾಗಡ್ಡಿ ಇಲ್ಲೂ ಒಗಟಾಗಿತ್ತು. ಗಿಡಗಳ ಆ ಏಳಕ್ಷರದ ಸಾಲು ಅದರಲ್ಲಿ ಸಿಗಲೇ ಇಲ್ಲ. 2016ರಲ್ಲಿ ಝೆಕ್ ದೇಶದ ವಿಜ್ಞಾನಿಗಳು ಸಿಟಿಸಿಜಿಜಿಟಿಟಿಎಟಿಜಿಜಿಜಿ ಎಂಬ ಹನ್ನೆರಡಕ್ಷರದ ಸಾಲು ಆ ಜಾಗ ತುಂಬಿದೆ ಎಂದು ಕಂಡುಕೊಂಡರು. ಕೆಲಸ ಅದೇ, ಮಾತು ಬೇರೆ. ಹಾಗಾದರೆ ಕಾಯುವ ಪ್ರೋಟೀನ್‌ಗಳು ಹೊಸ ಮಾತನ್ನು ಹೇಗೆ ಕಲಿತವು ಎಂಬುದು ಸಹಜವಾಗಿ ಏಳುವ ಪ್ರಶ್ನೆ.

ಇದೇ ಮತಕ್ಕೆ ಭಾರತದಿಂದ ದೊಡ್ಡ ಕಾಣಿಕೆ ಸಂದಿದೆ. ಲಾಲ್ಜಿ ಸಿಂಗ್ ಕಟ್ಟುಹಾವಿನ ಡಿಎನ್‌ಎಯಲ್ಲಿ ಜಿಎಟಿಎ ಎಂದು ಮರುಕಳಿಸುವ ಸರಣಿ ಲಿಂಗ ನಿರ್ಧರಿಸುವ ವರ್ಣತಂತುವಿನಲ್ಲಿ ಗುಂಪಾಗಿರುವುದನ್ನು ಗುರುತಿಸಿದರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಅದೇ ಸರಣಿ ವ್ಯಕ್ತಿಗಳನ್ನು ಗುರುತಿಸುವ ಡಿಎನ್‌ಎ ಬೆರಳಚ್ಚಿಗೆ ಸಾಧನವಾಯಿತು. ಮುಂದೆ ಅಲ್ಲಿಯ ರಾಕೇಶ್ ಮಿಶ್ರ ಅವರ ತಂಡ ಜಿಎಟಿಎ ಸಾಲುಗಳು ಎರಡು ವಂಶವಾಹಿಗಳ ನಡುವೆ ಹೊಲದ ಬದುವಿನಂತೆ ಗಡಿಯಾಗಬಲ್ಲವು ಎಂದು ತೋರಿಸಿತು. ಬೆಂಗಳೂರಿನಲ್ಲಿ ಮೈಸೂರು ಮೂಲದ ಎಂ. ಆರ್. ಎಸ್. ರಾವ್ ವೀರ್ಯಾಣುವಿನಲ್ಲಿ ಹಿಸ್ಟೋನ್‌ಗಳನ್ನು ತೆಗೆದು ಡಿಎನ್‌ಎಯನ್ನು ಇನ್ನೂ ಬಿಗಿಯಾಗಿ ಕಟ್ಟುವ ಪ್ರೋಟೀನ್‌ಗಳನ್ನು ದಶಕಗಳ ಕಾಲ ಅಭ್ಯಸಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಮುನಿಯಪ್ಪ ಮತ್ತು ಸಂಗಡಿಗರು 2000ದಲ್ಲಿ ಯೀಸ್ಟಿನ ಹಾಪ್1 ಎಂಬ ಪ್ರೋಟೀನ್, ಜಿ ಅಕ್ಷರಗಳು ನಾಲ್ಕೆಳೆಯಾಗಿ ಮಡಿಚಿಕೊಂಡ ರಚನೆಗೆ ಅಂಟುವುದಷ್ಟೇ ಅಲ್ಲ, ಆ ಮಡಿಕೆಯನ್ನು ತಾನೇ ಮೂಡಿಸುತ್ತದೆ ಎಂದು ವರದಿ ಮಾಡಿದರು. ಮರುಕಳಿಕೆ, ಆಕಾರ, ಪ್ರೋಟೀನ್ ಮೂರೂ ಒಂದೇ ಬಿಂದುವಿನಲ್ಲಿ ಸೇರುವ ಕಡೆ ಇದು.

ನಾಲ್ಕನೆಯದು ರೋಗದ ಕಡೆಯಿಂದ ಬಂದ ಮತ. ಇದರ ಪ್ರಕಾರ ಪುನರಾವರ್ತನೆ ಎಂದರೆ ಹಳಿ ತಪ್ಪುವ ಅಪಾಯ. 1991ರಲ್ಲಿ ಸಿಜಿಜಿ ಎಂಬ ಮೂರಕ್ಷರ 200ಕ್ಕೂ ಹೆಚ್ಚು ಬಾರಿ ಬಂದಾಗ ಫ್ರಜೈಲ್ ಎಕ್ಸ್ ಎಂಬ ಬುದ್ಧಿಬೆಳವಣಿಗೆಯ ತೊಂದರೆ ಬರುತ್ತದೆ ಎಂದು ತಿಳಿಯಿತು. 1993ರಲ್ಲಿ ಹಂಟಿಂಗ್‌ಟನ್ ಎಂಬ ನರರೋಗದ ಮೂಲ ಸಿಕ್ಕಿತು. ಸಿಎಜಿ 35 ಬಾರಿಯವರೆಗೆ ಇದ್ದರೆ ಕಾಯಿಲೆ ಇಲ್ಲ, 40 ದಾಟಿದರೆ ಕಾಯಿಲೆ ಬಹುತೇಕ ಖಚಿತ. 1999ರಲ್ಲಿ ಗುರುತಿಸಿದ ಎಸ್‌ಸಿಎ12 ಎಂಬ ನಡಿಗೆ ತಪ್ಪಿಸುವ, ಕೈ ನಡುಗಿಸುವ ಕಾಯಿಲೆ ಬೇರೆ ದೇಶಗಳಲ್ಲಿ ಅಪರೂಪ, ಭಾರತದಲ್ಲಿ ಹೆಚ್ಚು. ಇಂಥ ಕುಟುಂಬಗಳು ಕರ್ನಾಟಕದಲ್ಲಿ ಬಂದು ನಿಲ್ಲುವ ಬಾಗಿಲು ಬೆಂಗಳೂರಿನ ನಿಮ್ಹಾನ್ಸ್; ಅಲ್ಲಿ ಚಿಕಿತ್ಸೆಯ ಜತೆಗೆ ಸಂಶೋಧನೆಯೂ ನಡೆದಿದೆ.

ಸಾಲು ಉದ್ದವಾಗುವುದು ಹೇಗೆ? ಸಿಎಜಿಗಳು ತಮ್ಮ ಮೇಲೆ ತಾವೇ ಮಡಿಚಿ ಕೂದಲಪಿನ್ನಿನ ಆಕಾರ ತಾಳುತ್ತವೆ. ಡಿಎನ್‌ಎಯ ತಪ್ಪು ತಿದ್ದುವ ಪ್ರೋಟೀನ್‌ಗಳು ಆ ಉಬ್ಬಿಗೆ ಬಂದು ಅಂಟುತ್ತವೆ, ತಿದ್ದಲು ಹೋಗಿ ಒಂದಿಷ್ಟು ಅಕ್ಷರ ಸೇರಿಸುತ್ತವೆ. ಕಾಯಲು ಬಂದ ಪ್ರೋಟೀನಿನಿಂದಲೇ ಸಾಲು ಬೆಳೆಯುತ್ತದೆ. ಹಂಟಿಂಗ್‌ಟನ್ ಯಾವ ವಯಸ್ಸಿಗೆ ಕಾಣಿಸಿಕೊಳ್ಳುತ್ತದೆ ಎಂಬುದರಲ್ಲಿ ಈ ತಿದ್ದುವ ಪ್ರೋಟೀನ್‌ಗಳ ಪಾಲಿದೆ ಎಂದು 2015ರಿಂದ ಈಚಿನ ದೊಡ್ಡ ಅಧ್ಯಯನಗಳು ತೋರಿಸಿವೆ. ಇದು ಔಷಧಕ್ಕೆ ಹೊಸ ಗುರಿ ಕೊಟ್ಟಿದೆ. ಮನೆಯಲ್ಲಿ ಈ ಕಾಯಿಲೆ ಕಂಡವರಿಗೆ ಇದು ದೊಡ್ಡ ಆಸೆಯ ಮಾತು.

ಐದನೆಯದು ಇತ್ತೀಚಿನದು. ಅದನ್ನು ನೆರೆಯ ಸೆಳೆತದ ಮತ ಎನ್ನಬಹುದು. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಪಾಲಿ ಫೋರ್ಡೈಸ್ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಹೀಗೆ ವರದಿ ಮಾಡಿತು: ನಿಯಂತ್ರಕ ಪ್ರೋಟೀನ್ ಕೂರಬೇಕಾದ ಜಾಗದ ಪಕ್ಕದಲ್ಲಿ ಕಿರು ಪುನರಾವರ್ತನೆ ಇದ್ದರೆ ಅಂಟುವ ಬಲ ಸುಮಾರು 70 ಪಟ್ಟಿನವರೆಗೆ ಬದಲಾಗಬಹುದು. ಪ್ರೋಟೀನ್ ಆ ಸಾಲಿನ ಮೇಲೂ ತುಸು ಸಡಿಲವಾಗಿ ಕೂರಬಲ್ಲದು. ಅಂಥ ಸಡಿಲ ಜಾಗಗಳು ಬೇಕಾದಷ್ಟು ಇದ್ದರೆ ಪ್ರೋಟೀನ್ ಅಲ್ಲೇ ಸುಳಿದಾಡುತ್ತ ನಿಜವಾದ ಜಾಗವನ್ನು ಬೇಗ ಹಿಡಿಯುತ್ತದೆ. ಪರೀಕ್ಷಿಸಿದ ನಿಯಂತ್ರಕ ಪ್ರೋಟೀನ್‌ಗಳಲ್ಲಿ ಶೇ 90ರಷ್ಟಕ್ಕೆ ಒಂದಲ್ಲ ಒಂದು ಪುನರಾವರ್ತನೆಯತ್ತ ಒಲವಿತ್ತು. ಇಷ್ಟು ದಿನ ಅರ್ಥವಿಲ್ಲದ ಅಂಚು ಎಂದು ಬಿಟ್ಟಿದ್ದ ಸಾಲುಗಳು ವಂಶವಾಹಿಯ ದನಿಯನ್ನು ಏರಿಸುವ ಇಳಿಸುವ ಗುಂಡಿಗಳಾಗಬಹುದು ಎಂಬುದು ಇದರ ಸಾರ.

ಹತ್ತಿ ಹೇಳುವ ಸಾಕ್ಷಿ

ಐದೂ ಮತಗಳನ್ನು ಒಂದೇ ಹೊಲದಲ್ಲಿ ಒರೆಗೆ ಹಚ್ಚಬೇಕೆಂದರೆ ಹತ್ತಿಗಿಂತ ಒಳ್ಳೆಯ ಗಿಡ ಸಿಗದು. ನಮ್ಮ ಜವಾರಿ ಹತ್ತಿ, ಅಂದರೆ ಹಿಂಗಾರಿಯ ತೇವದಲ್ಲೇ ಬೆಳೆದು ಬರುವ ಜಯಧರದಂಥ ತಳಿ, ಹಳೆಯ ಜಗತ್ತಿನ ಹರ್ಬೇಸಿಯಂ ಜಾತಿಯದು. ಅದಕ್ಕೂ ಅದರ ನಂಟ ಆರ್ಬೋರಿಯಂಗೂ 26 ವರ್ಣತಂತುಗಳು, ಸುಮಾರು 160–170 ಕೋಟಿ ಅಕ್ಷರಗಳು. ಅಮೆರಿಕ ಖಂಡದ ಕಾಡು ಹತ್ತಿ ರೈಮೊಂಡಿಯೈಗೂ ವರ್ಣತಂತುಗಳು 26, ಅಕ್ಷರಗಳು ಮಾತ್ರ ಸುಮಾರು 88 ಕೋಟಿ. ವಂಶವಾಹಿಗಳ ಸಂಖ್ಯೆ ಹೆಚ್ಚುಕಡಿಮೆ ಸಮ, ಗಾತ್ರ ಮಾತ್ರ ಎರಡು ಪಟ್ಟು. 2006ರಲ್ಲಿ ಜೆನಿಫರ್ ಹಾಕಿನ್ಸ್, ಜೊನಾಥನ್ ವೆಂಡೆಲ್ ಮತ್ತು ಸಂಗಡಿಗರು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವೆಂದು ಜಿಪ್ಸಿ ಬಗೆಯ ನೆಗೆಯುವ ತುಂಡುಗಳ ಒಂದು ಬಳಗವನ್ನು ತೋರಿಸಿದರು. ಸ್ವಾರ್ಥಿ ಮತ ಇಲ್ಲಿ ಗೆಲ್ಲುತ್ತದೆ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಹತ್ತು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಈ ಎರಡು ಬಗೆಯ ಹತ್ತಿಗಳು ಕೂಡಿ 52 ವರ್ಣತಂತುಗಳ ಹೊಸ ಹತ್ತಿ ಹುಟ್ಟಿತು. ಇಂದು ಜಗತ್ತಿನ ಹೆಚ್ಚಿನ ಹೊಲ ತುಂಬಿರುವ ಹಿರ್ಸುಟಮ್ ಮತ್ತು ಉದ್ದನೂಲಿನ ಬಾರ್ಬಡೆನ್ಸ್ ಅದರ ಸಂತಾನ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಈ ಎರಡನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿ ಕೊಟ್ಟರು. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಬಂತು. 52ರ ಹತ್ತಿಯಲ್ಲಿ ಒಂದು ಪಾಲಿನ ಪುನರಾವರ್ತನೆಗಳು ಇನ್ನೊಂದು ಪಾಲಿಗೂ ಹಬ್ಬಿವೆ ಎಂದು 1998ರಷ್ಟು ಹಿಂದೆಯೇ ಕಂಡಿತ್ತು. ಕೂಡಿ ಬಾಳಲು ಶುರುಮಾಡಿದ ಎರಡು ಮನೆತನಗಳ ಸಾಮಾನುಗಳು ಬೆರೆತಂತೆ ಇದು. ಬೆರೆತದ್ದರಲ್ಲಿ ಯಾವುದು ನೂಲಿನ ಉದ್ದಕ್ಕೆ, ಗಟ್ಟಿತನಕ್ಕೆ ನೆರವಾಯಿತು ಎಂಬುದು ತಳಿ ತಜ್ಞರ ಇಂದಿನ ಪ್ರಶ್ನೆ. ಬೀಜದ ಮೇಲಿನ ಒಂದೊಂದು ನೂಲೂ ಒಂದೇ ಕೋಶ ಉದ್ದಕ್ಕೆ ಎಳೆದುಕೊಂಡು ಆದದ್ದು. ಆ ಎಳೆತವನ್ನು ನಡೆಸುವುದು ಡಿಎನ್‌ಎಗೆ ಅಂಟುವ ಪ್ರೋಟೀನ್‌ಗಳೇ.

ಪುನರಾವರ್ತನೆ ಈಗಾಗಲೇ ರೈತರ ಕೆಲಸಕ್ಕೂ ಬಂದಿದೆ. ಕಿರು ಪುನರಾವರ್ತನೆಯ ಎಣಿಕೆ ತಳಿಯಿಂದ ತಳಿಗೆ ಬೇರೆಯಾದ್ದರಿಂದ, ಅದನ್ನು ನೋಡಿ ಸಂಕರ ಬೀಜ ಶುದ್ಧವೋ ಬೆರಕೆಯೋ ಎಂದು ಹೇಳಬಹುದು. ಹತ್ತಿ ಎಲೆಯಿಂದ ಡಿಎನ್‌ಎ ತೆಗೆಯುವುದು ಮಾತ್ರ ತಾಳ್ಮೆಯ ಕೆಲಸ. ಎಲೆಯಲ್ಲಿ ಒಗರಿನ ಪದಾರ್ಥಗಳು ಎಷ್ಟಿವೆಯೆಂದರೆ, ಎಳೆಯ ಎಲೆ ಆರಿಸಿ, ಒಗರನ್ನು ಹಿಡಿದಿಡುವ ರಾಸಾಯನಿಕ ಬೆರೆಸದಿದ್ದರೆ ಡಿಎನ್‌ಎ ಕಂದು ಬಣ್ಣದ ಅಂಟಾಗಿ ಕೈಕೊಡುತ್ತದೆ.

ಇತ್ಯರ್ಥವಾಗದೆ ಉಳಿದಿರುವುದು

ಮೊದಲ ಪ್ರಶ್ನೆ, ಡಿಎನ್‌ಎಯಲ್ಲಿ ಕೆಲಸಕ್ಕೆ ಬರುವ ಪಾಲು ಎಷ್ಟು. 2012ರಲ್ಲಿ ಎನ್‌ಕೋಡ್ ಎಂಬ ಅಂತರರಾಷ್ಟ್ರೀಯ ಯೋಜನೆ ಮಾನವ ಡಿಎನ್‌ಎಯ ಶೇ 80ರಷ್ಟರಲ್ಲಿ ಜೈವಿಕ ಚಟುವಟಿಕೆ ಇದೆ ಎಂದಿತು. 2013ರಲ್ಲಿ ಡಾನ್ ಗ್ರೌರ್ ಮತ್ತು ಸಂಗಡಿಗರು, ಪ್ರೋಟೀನ್ ಒಮ್ಮೆ ಬಂದು ಕೂತ ಮಾತ್ರಕ್ಕೆ ಅದು ಕೆಲಸವಲ್ಲ ಎಂದು ಖಂಡಿಸಿದರು. ವಿಕಾಸದಲ್ಲಿ ಜತನವಾಗಿ ಉಳಿದುಬಂದ ಪಾಲನ್ನು ಲೆಕ್ಕ ಹಾಕಿದ 2014ರ ಅಧ್ಯಯನ ಶೇ 8.2 ಎಂದಿತು. ಕೆಲಸ ಎಂದರೇನು ಎಂಬುದರಲ್ಲೇ ಒಮ್ಮತವಿಲ್ಲ.

ಎರಡನೆಯದು, ಕೋಶದ ಒಳಗೆ ಈ ವಿಶೇಷ ಆಕಾರಗಳು ನಿಜಕ್ಕೂ ಎಷ್ಟು ಹೊತ್ತು ನಿಲ್ಲುತ್ತವೆ. ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ 2013ರಲ್ಲಿ ಮಾನವ ಕೋಶಗಳಲ್ಲಿ ನಾಲ್ಕೆಳೆಯ ಮಡಿಕೆಗಳನ್ನು ಗುರುತಿಸಿತು. ಅವು ವಂಶವಾಹಿಯ ಕೆಲಸಕ್ಕೆ ಕಾರಣವೋ, ಆ ಕೆಲಸದ ಪರಿಣಾಮವೋ ಎಂಬುದು ತೀರ್ಮಾನವಾಗಿಲ್ಲ.

ಮೂರನೆಯದು ನಡುಗಂಟಿನ ಒಗಟು. ಮನುಷ್ಯನ ನಡುಗಂಟಿನಲ್ಲಿ 171 ಅಕ್ಷರಗಳ ಘಟಕ ಸಾವಿರಾರು ಬಾರಿ ಬರುತ್ತದೆ, ಅದಕ್ಕೆಂದೇ ಅಂಟುವ ಪ್ರೋಟೀನೂ ಇದೆ. ಆದರೂ ಆ ಸಾಲು ಇಲ್ಲದ ಜಾಗದಲ್ಲಿ ಹೊಸ ನಡುಗಂಟು ಹುಟ್ಟಿ ನೆಟ್ಟಗೆ ಕೆಲಸ ಮಾಡಿದ ಉದಾಹರಣೆಗಳಿವೆ. ಪುನರಾವರ್ತನೆ ಬೇಕೋ ಬೇಡವೋ? ಬೇಡವಾದರೆ ಬಹುತೇಕ ಎಲ್ಲ ಜೀವಿಗಳಲ್ಲೂ ಅದೇ ಜಾಗದಲ್ಲಿ ಯಾಕಿದೆ?

ನಾಲ್ಕನೆಯದು ಓದಿನ ಕೊರತೆ. ಒಂದೇ ತೆರನ ತುಂಡುಗಳನ್ನು ಜೋಡಿಸುವುದು ಒಂದೇ ಬಣ್ಣದ ಸಾವಿರ ಚಿಂದಿಗಳಿಂದ ಕೌದಿ ಹೊಲಿದಂತೆ, ಯಾವುದು ಎಲ್ಲಿಯದೆಂದು ತಿಳಿಯದು. ಮನುಷ್ಯನ ಡಿಎನ್‌ಎಯನ್ನೇ ಬಿಡದೆ ಓದಿ ಮುಗಿಸಿದ್ದು 2022ರಲ್ಲಿ. ಅಲ್ಲಿಯವರೆಗೆ ಬಿಟ್ಟುಹೋಗಿದ್ದ ಶೇ 8ರ ಬಹುಪಾಲು ಪುನರಾವರ್ತನೆಯೇ.

ಈ ನಕ್ಷೆಯನ್ನು ಹಿಂತಿರುಗಿ ನೋಡಿದರೆ ಒಂದು ಮಾತು ಸ್ಪಷ್ಟ. ‘ಕಸವೋ ಕಸುವೋ’ ಎಂಬ ಒಂದೇ ಪ್ರಶ್ನೆಗೆ ಒಂದೇ ಉತ್ತರ ಹುಡುಕಿದ್ದರಿಂದ ಚರ್ಚೆ ದಶಕಗಳ ಕಾಲ ಸುತ್ತಿದಲ್ಲೇ ಸುತ್ತಿತು. ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಯಾವ ಸಾಲು, ಎಷ್ಟು ಬಾರಿ, ಯಾವ ಆಕಾರದಲ್ಲಿ, ಯಾವ ಪ್ರೋಟೀನಿನ ಎದುರು. ಈ ನಾಲ್ಕಕ್ಕೂ ಉತ್ತರ ಸಿಕ್ಕ ಕಡೆಯಲ್ಲೆಲ್ಲ, ಅದು ವರ್ಣತಂತುವಿನ ತುದಿಯಿರಲಿ, ಹಂಟಿಂಗ್‌ಟನ್ ಇರಲಿ, ಗೋವಿನಜೋಳದ ದಂಟಿರಲಿ, ಜಗಳ ತಾನಾಗಿ ನಿಂತಿದೆ. ಉಳ್ಳಾಗಡ್ಡಿಯ 1,600 ಕೋಟಿಯಲ್ಲೂ ಬಹುಪಾಲು ಬರೀ ಹರಡಿಕೊಂಡದ್ದೇ ಇರಬಹುದು. ಅದರ ನಡುವೆ ವರ್ಣತಂತುವಿನ ಜೀವ ಕಾಯುವ ಹನ್ನೆರಡಕ್ಷರವೂ ಇದೆ.

ಹಾಗಾಗಿ ನಮ್ಮ ಭಾಗದ ಓದುಗರಲ್ಲಿ ಒಂದು ಕೋರಿಕೆ. ಜವಾರಿ ಹತ್ತಿ, ಊರಿನ ಉಳ್ಳಾಗಡ್ಡಿ, ಹಳೆಯ ಕಡಲೆಯ ಬೀಜ ಮನೆಯಲ್ಲಿ ಉಳಿದಿದ್ದರೆ ಅದನ್ನು ಕೈಬಿಡಬೇಡಿ. ತಳಿ ಅಳಿದರೆ ಅದರೊಳಗಿನ ಸಾಲುಗಳನ್ನು ಓದುವ ಅವಕಾಶವೂ ಅಳಿಯುತ್ತದೆ. ಬೇರಿನ ತುದಿಯಲ್ಲಿ ಕೆಂಪು ದಾರಗಳನ್ನು ಮೊದಲ ಬಾರಿ ಕಾಣುವ ಮಕ್ಕಳಿಗೆ, ಆ ದಾರಗಳು ಅಷ್ಟು ದಪ್ಪ ಯಾಕೆ ಎಂಬ ಪ್ರಶ್ನೆಯನ್ನೂ ಹೇಳಿಕೊಡಿ.